ಹಾಲು ಉಕ್ಕಿಸುವ ದಿನ ಬೇರೆ, ಸಾಮಾನು ಸಾಗಿಸುವ ದಿನ ಬೇರೆ ಇರಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಎರಡನೇ ವಾರ ಶಾಲೆಗೆ ಸೂಟಿ ಬಿದ್ದಾಗಿನಿಂದ ಮೇ ಕೊನೆಗೆ ಮತ್ತೆ ಗಂಟೆ ಬಾರಿಸುವವರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಊರುಗಳಲ್ಲಿ ಮನೆ ಬದಲಿಸುವವರದೇ ಗದ್ದಲ. ನೌಕರರ ವರ್ಗಾವಣೆ ಆಗುವುದು ಆಗಲೇ, ಮಕ್ಕಳ ಟಿ.ಸಿ. ತೆಗೆಸುವುದು ಆಗಲೇ, ಲಗ್ನದ ಹಂಗಾಮೂ ಆಗಲೇ. ಆಷಾಢ ಹೊಕ್ಕರೆ ಮನೆ ಹೊಗುವಂತಿಲ್ಲ ಎಂಬ ಅವಸರ ಬೇರೆ. ‘ಗಾಡಿ ಸಿಗೂದಿಲ್ಲ, ಹಮಾಲರು ಸಿಗೂದಿಲ್ಲ, ಸಿಕ್ಕರೂ ಬಾಯಿಗೆ ಬಂದ ಬಾಡಿಗೆ ಕೇಳ್ತಾರ’ ಎಂಬ ದೂರು ಪ್ರತಿ ಬೇಸಿಗೆಗೂ ಕೇಳಿಬರುತ್ತದೆ. ಗಾಡಿ ಓಡಿಸುವವರು, ಸಾಮಾನು ಹೊರುವವರು ನಾವೇ. ದೂರಿನಲ್ಲಿ ಸುಳ್ಳಿಲ್ಲ. ಆದರೆ ಗಾಡಿಗಳು ಕಡಿಮೆ ಇವೆ ಎನ್ನುವುದಕ್ಕಿಂತ ಎಲ್ಲರೂ ಅವೇ ನಾಲ್ಕಾರು ದಿನ, ಅದೇ ಹೊತ್ತು ಬೇಡುತ್ತಾರೆ ಎನ್ನುವುದು ಹೆಚ್ಚು ನಿಜ.

ಯಾವ ದಿನಗಳು? ತಿಂಗಳ ಕೊನೆಯ ಎರಡು ದಿನ, ಮುಂದಿನ ತಿಂಗಳ ಮೊದಲ ಎರಡು ದಿನ, ರವಿವಾರಗಳು, ಪಂಚಾಂಗದಲ್ಲಿ ಚಲೋ ಇರುವ ಸೋಮವಾರ, ಗುರುವಾರ. ಎಲ್ಲಕ್ಕೂ ಮೇಲೆ ಬಸವ ಜಯಂತಿ, ಅಂದರೆ ಅಕ್ಷಯ ತೃತೀಯ. ಆ ದಿನ ಬೀಗರನ್ನು ಕರೆದೊಯ್ಯಲು, ಮಂಟಪಕ್ಕೆ ಭಾಂಡೆ ಸಾಗಿಸಲು, ಗೃಹಪ್ರವೇಶಕ್ಕೆ ಎಲ್ಲಕ್ಕೂ ಅವೇ ಗಾಡಿಗಳು ಬೇಕು. ವಿಜಯಪುರದ ಸುತ್ತ ಏಪ್ರಿಲ್‌ವರೆಗೂ ಒಣದ್ರಾಕ್ಷಿ ಸಾಗಣೆ ನಡೆದಿರುತ್ತದೆ, ಪಿಕಪ್‌ಗಳು ಅಲ್ಲಿಗೂ ಹೋಗುತ್ತವೆ. ಇತ್ತ ಮಂಗಳವಾರ, ಶನಿವಾರ, ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಅದೇ ಗಾಡಿಗಳು ಸ್ಟ್ಯಾಂಡಿನಲ್ಲಿ ಬೇವಿನ ಗಿಡದ ನೆರಳು ಹಿಡಿದು ನಿಂತಿರುತ್ತವೆ. ಅಮಾವಾಸ್ಯೆಗೆ ಚಾಲಕರು ಗಾಡಿ ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ ಬಾಡಿಗೆ ದಾರಿ ಕಾಯುತ್ತಾರೆ. ಬರುವವರಿಲ್ಲ.

ಮುಹೂರ್ತ ಬಿಡಿ ಎಂದು ನಾವು ಹೇಳುವುದಿಲ್ಲ. ಮುಹೂರ್ತಕ್ಕೂ ಗಾಡಿಗೂ ಗಂಟು ಹಾಕಬೇಡಿ ಎನ್ನುತ್ತೇವೆ. ಒಳ್ಳೆಯ ದಿನ ನೋಡಿ ದೇವರ ಫೋಟೋ, ತುಂಬಿದ ಕೊಡ, ಅಕ್ಕಿ, ಉಪ್ಪು, ಬೆಲ್ಲ ಒಯ್ದು ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಬನ್ನಿ. ಅದಕ್ಕೆ ಸ್ಕೂಟರ್ ಸಾಕು, ಒಂದು ಇಂಡಕ್ಷನ್ ಒಲೆ ಸಾಕು. ತಿಜೋರಿ, ಪಲ್ಲಂಗ, ಫ್ರಿಜ್ಜು ಮುಂದಿನ ಮಂಗಳವಾರವೋ ಬುಧವಾರವೋ ಬರಲಿ. ಇದಕ್ಕೆ ಬೇಕಾದದ್ದು ಒಂದೇ: ಎರಡೂ ಮನೆಗಳ ಕೀಲಿ ಮೂರು–ನಾಲ್ಕು ದಿನ ಒಟ್ಟಿಗೆ ಕೈಯಲ್ಲಿರಬೇಕು. ಹಳೇ ಮನೆ 30ಕ್ಕೆ ಖಾಲಿ, ಹೊಸ ಮನೆ 1ಕ್ಕೆ ಶುರು ಎಂದು ಮಾತಾದರೆ ನೀವು ಗದ್ದಲದ ದಿನಕ್ಕೇ ಸಿಕ್ಕಿಬೀಳುತ್ತೀರಿ. ಮುಂಗಡ ಕೊಡುವಾಗಲೇ ಮಾಲಕರ ಹತ್ತಿರ ಈ ನಾಲ್ಕು ದಿನ ಕೇಳಿ ಪಡೆಯಿರಿ. ಸುಮ್ಮನೆ ಕೊಡದಿದ್ದರೆ ಬಾಡಿಗೆ ಕೊಟ್ಟೇ ಪಡೆಯಿರಿ. ಗದ್ದಲದ ದಿನದ ಗಾಡಿ ಬಾಡಿಗೆ, ಹಮಾಲಿಯ ಹೆಚ್ಚಳಕ್ಕೆ ಹೋಲಿಸಿದರೆ ಬಹಳಷ್ಟು ಸಲ ಅದೇ ಅಗ್ಗ.

ದಿನ ಗೊತ್ತು ಮಾಡುವ ಮುಂಚೆ ಹೊಸ ಓಣಿಯ ನೀರಿನ ಸರದಿ ಯಾವತ್ತು ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಬೇಸಿಗೆಯಲ್ಲಿ ಸರದಿಗಳ ನಡುವೆ ಅಂತರ ಹೆಚ್ಚುತ್ತದೆ. ಸರದಿ ಮುಗಿದ ಮರುದಿನ, ಬರಿದಾದ ಟಾಕಿಯ ಮನೆಗೆ ಹೋಗಿ ಇಳಿದರೆ ನೆಲ ಒರೆಸಲೂ ಟ್ಯಾಂಕರ್ ತರಿಸಬೇಕಾಗುತ್ತದೆ. ಸರದಿಯ ದಿನ ಟಾಕಿ ತುಂಬಿಸಿಟ್ಟು ಮರುದಿನ ಸಾಮಾನು ತರುವುದು ಸರಿಯಾದ ಕ್ರಮ.

ಇನ್ನು ಹೊತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್–ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹಾಗಾಗಿ ನೌಕರರು ಅರ್ಧ ದಿನದ ರಜೆ ಉಳಿಸಲು ‘ಎರಡು ಗಂಟೆಗೆ ಗಾಡಿ ಹಚ್ಚಿರಿ’ ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. 40 ಡಿಗ್ರಿ ದಾಟಿದ ಬಿಸಿಲಿಗೆ ಗಾಡಿಯ ತಗಡು, ತಿಜೋರಿಯ ಪತ್ರೆ ಮುಟ್ಟಲಾಗುವುದಿಲ್ಲ. ಬೆವೆತ ಕೈ ಜಾರುತ್ತದೆ, ಹಿಡಿತ ಬದಲಿಸಲು ಮೆಟ್ಟಿಲ ನಡುವೆ ನಿಲ್ಲಬೇಕಾಗುತ್ತದೆ, ಫ್ರಿಜ್ಜಿನ ಮೂಲೆ ಗೋಡೆಗೆ ಬಡಿಯುವುದು ಆಗಲೇ. ಬೆಳಿಗ್ಗೆ ಐದೂವರೆಗೆ ಗಾಡಿ ಬಾಗಿಲಿಗೆ ಬಂದಿರಬೇಕು. ನೆಲಮಹಡಿಯ ಎರಡು ಬೆಡ್‌ರೂಮಿನ ಮನೆಯನ್ನು ನಾಲ್ವರು ಹಮಾಲರು ಎರಡರಿಂದ ಎರಡೂವರೆ ತಾಸಿನಲ್ಲಿ ಹೇರುತ್ತಾರೆ. ಊರೊಳಗಿನ ಸಾಗಣೆಯಾದರೆ ಹತ್ತೂವರೆಯೊಳಗೆ ಇಳಿಸಿ ಮುಗಿಯುತ್ತದೆ. ಒಂದೊಂದು ಮಹಡಿಗೆ ಅರ್ಧ–ಮುಕ್ಕಾಲು ತಾಸು ಕೂಡಿಸಿಕೊಳ್ಳಿ. ಸಂಜೆ ತಂಪಾದ ಮೇಲೆ ಹೇರೋಣ ಎನ್ನುವವರೂ ಇದ್ದಾರೆ. ಮೇ ತಿಂಗಳಲ್ಲಿ ಸಂಜೆ ನಾಲ್ಕರ ನಂತರ ಮೋಡ ಕಟ್ಟಿ, ಧೂಳಿನ ಗಾಳಿ ಎದ್ದು, ಅಡ್ಡಮಳೆ ಬೀಳುವುದು ಹೊಸದೇನಲ್ಲ. ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದೊಳಗೇ ಬರುತ್ತವೆ. ಗಾದಿಗೆ ನೀರು ಹೊಕ್ಕರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಮುಗ್ಗುತ್ತದೆ.

ಮಳೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಹೊಸ ಲೇಔಟುಗಳಲ್ಲಿ ಡಾಂಬರು ಮುಗಿದು ಮನೆಗೆ ಮುಟ್ಟುವ ಕೊನೆಯ ನೂರು ಅಡಿ ಎರೆಮಣ್ಣು. ಒಂದು ಜೋರು ಮಳೆಗೆ ಸಾಮಾನು ಹೇರಿದ ಟಾಟಾ 407 ಗಾಡಿ ಅಲ್ಲಿ ಅಚ್ಚಿನವರೆಗೆ ಹುಗಿಯುತ್ತದೆ, ಎಳೆಯಲು ಟ್ರ್ಯಾಕ್ಟರ್ ಬರಬೇಕು. ಹಳೇ ಊರುಗಳ ಕಥೆ ಇದಕ್ಕೆ ತದ್ವಿರುದ್ಧ. ರಸ್ತೆ ಗಟ್ಟಿ, ಓಣಿ ಕಿರಿದು. ಬೆಳಗಾವಿಯ ಶಹಾಪುರ, ಹಳೇ ಬಾಗಲಕೋಟೆ, ವಿಜಯಪುರದ ಕೋಟೆಯೊಳಗಿನ ಕೆಲವು ಓಣಿಗಳಿಗೆ ದೊಡ್ಡ ಗಾಡಿ ಹೋಗುವುದಿಲ್ಲ. ಅಲ್ಲಿಗೆ ಟಾಟಾ ಏಸ್‌ನ ಎರಡು ಟ್ರಿಪ್ಪೇ ವಾಸಿ. ಗಾಡಿ ಬಾಗಿಲಿನಿಂದ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿದರೆ ಹಮಾಲಿಯ ಮಾತು ಆಗಲೇ ಬಗೆಹರಿಯುತ್ತದೆ.

ಗಾಡಿಯ ಅಳತೆಯಲ್ಲಿ ಜನ ತಪ್ಪುವುದೇ ಹೆಚ್ಚು. ಟಾಟಾ ಏಸ್‌ನ ಡಾಲಾ, ಅಂದರೆ ಸಾಮಾನು ಹೇರುವ ಹಿಂಭಾಗ, ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ತುಸು ಕಡಿಮೆ ಅಗಲ, ಹೊರುವ ಭಾರ 750 ಕೆ.ಜಿ. ಸುಮಾರು. ಒಂದು ಖೋಲಿ, ಒಂದು ಅಡುಗೆಮನೆ ಇದ್ದರೆ ಅದು ಸಾಕು. ಒಂದು ಬೆಡ್‌ರೂಮಿನ ಮನೆಗೆ ಬೊಲೆರೊ ಪಿಕಪ್, ಎರಡು ಬೆಡ್‌ರೂಮಿಗೆ 407 ಇಲ್ಲವೇ 14 ಅಡಿಯ ಐಷರ್, ಮೂರಕ್ಕೆ 17 ಅಡಿಯದು. ಇದು ಪಟ್ಟಣದ ಲೆಕ್ಕ. ನಮ್ಮ ಭಾಗದ ಮನೆಗಳಿಗೆ ಇದರ ಮೇಲೆ ಒಂದು ಹೆಜ್ಜೆ ದೊಡ್ಡ ಗಾಡಿ ಬೇಕಾಗುತ್ತದೆ, ಕಾರಣ ಕಾಳು.

ಹಿಂಗಾರಿ ಜೋಳ ಮನೆಗೆ ಬರುವುದು ಫೆಬ್ರುವರಿ–ಮಾರ್ಚ್‌ನಲ್ಲಿ. ವರ್ಷದ ಜೋಳ, ಗೋಧಿ, ತೊಗರಿಬೇಳೆ ತುಂಬಿಸಿ, ಖಾರಪುಡಿ ಕುಟ್ಟಿಸಿ, ಹಪ್ಪಳ ಸಂಡಿಗೆ ಒಣಗಿಸಿ, ಮಾವಿನಕಾಯಿ ಉಪ್ಪಿನಕಾಯಿ ಹಾಕುವಷ್ಟರಲ್ಲಿ ಮೇ ಬಂದಿರುತ್ತದೆ. ಒಂದೊಂದು ಕ್ವಿಂಟಲಿನ ಮೂರು ಚೀಲ ಜೋಳ ಎಂದರೆ 300 ಕೆ.ಜಿ. ಟಾಟಾ ಏಸ್‌ನ ಸಾಮರ್ಥ್ಯದ ಐದರಲ್ಲಿ ಎರಡು ಪಾಲು ಅಲ್ಲೇ ಮುಗಿಯಿತು. ಬೇಸಿಗೆಯಲ್ಲಿ ಮನೆ ಬದಲಿಸುವುದು ಜನವರಿಯಲ್ಲೇ ಗೊತ್ತಿದ್ದರೆ ಎರಡು ತಿಂಗಳಿಗಾಗುವಷ್ಟು ಮಾತ್ರ ತನ್ನಿ, ಉಳಿದದ್ದನ್ನು ಹೊಸ ಮನೆಗೆ ತರಿಸಿ. ಆಗಲೇ ತುಂಬಿಸಿದ್ದರೆ ಕ್ವಿಂಟಲ್ ಚೀಲಗಳನ್ನು 40–50 ಕೆ.ಜಿ.ಗೆ ಒಡೆದು ಕಟ್ಟಿ, ಮಹಡಿ ಹತ್ತಿಸಲು ಆಳು ಸಿಗುತ್ತಾರೆ. ಉಪ್ಪಿನಕಾಯಿ ಭರಣಿ ಗಾಡಿಗೆ ಹಾಕಲೇಬೇಡಿ. ಬಿಸಿಲಿಗೆ ಎಣ್ಣೆ ಹಿಗ್ಗಿ ಉಕ್ಕುತ್ತದೆ, ಬಟ್ಟೆಯ ಗಂಟಿಗೆ ಹತ್ತಿದರೆ ಕಲೆ ಬಿಡುವುದಿಲ್ಲ. ಅದು ಮನೆಯವರ ಕಾಲ ಬುಡದಲ್ಲಿ ಬರಲಿ. ಬೀಸುಕಲ್ಲು, ಒಳ್ಳು, ಗ್ರೈಂಡರಿನ ಕಲ್ಲು ಇದ್ದರೆ ಮೊದಲೇ ತಿಳಿಸಿ, ಅವು ಡಾಲಾದ ತಳಕ್ಕೆ, ಕ್ಯಾಬಿನ್ ಬದಿಗೆ ಹೋಗಬೇಕು.

ಫ್ರಿಜ್ಜನ್ನು ಹಿಂದಿನ ದಿನ ಮುಂಜಾನೆಯೇ ಬಂದ್ ಮಾಡಿ ಮಂಜು ಪೂರ್ತಿ ಕರಗಿಸಿ, ಹಿಂಬದಿಯ ಕೆಳಗಿನ ತಟ್ಟೆಯ ನೀರು ಚೆಲ್ಲಿ, ಒಳಗೆ ಒಣಬಟ್ಟೆಯಿಂದ ಒರೆಸಿ. ಒದ್ದೆ ಇರುವಾಗ ಬಾಗಿಲು ಮುಚ್ಚಿ ಬಿಗಿದರೆ ಈ ಸೆಕೆಗೆ ಒಂದೇ ದಿನದಲ್ಲಿ ವಾಸನೆ ಹಿಡಿಯುತ್ತದೆ. ಸಾಗಿಸುವಾಗ ಫ್ರಿಜ್ಜು ನೆಟ್ಟಗೆ ನಿಂತೇ ಇರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಗ್ಯಾಸಿನ ಕೊಳವೆಗೆ ಹರಿಯುತ್ತದೆ, ಆ ಸ್ಥಿತಿಯಲ್ಲಿ ಚಾಲೂ ಮಾಡಿದರೆ ಕಂಪ್ರೆಸರ್ ಹೋಗಬಹುದು. ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿದ್ದರೂ, ನಿಲ್ಲಿಸಿಯೇ ತಂದಿದ್ದರೂ ಇಳಿಸಿದ ಮೇಲೆ ನಾಲ್ಕು ತಾಸು ಬಿಟ್ಟು ಹಚ್ಚಿ. ಮಲಗಿಸಲೇಬೇಕಾಗಿ ಬಂದಿದ್ದರೆ ಒಂದು ದಿನ ಪೂರ್ತಿ ಬಿಡಿ. ತಣ್ಣೀರು ಬೇಕೆಂದು ಮಕ್ಕಳು ಕಾಡುತ್ತಾರೆ, ಅಂದಿನ ಮಟ್ಟಿಗೆ ಮಣ್ಣಿನ ಗಡಿಗೆ ಇರಲಿ.

ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿಗೆ ಅಂಗಡಿಯಿಂದ ಹೊಸದಾಗಿ ಬರುವಾಗ ಹಿಂಬದಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟು ಇರುತ್ತವೆ. ಅವನ್ನು ಬಿಚ್ಚಿದ ದಿನವೇ ಎಲ್ಲೋ ಒಗೆದಿರುತ್ತಾರೆ. ಸಾಗಿಸುವಾಗ ಮತ್ತೆ ಬಿಗಿಯದಿದ್ದರೆ ಒಳಗಿನ ಡ್ರಮ್ಮು ಸ್ಪ್ರಿಂಗಿನ ಮೇಲೆ ಜೋಲಿ ಹೊಡೆದು ಕಿತ್ತುಬರುತ್ತದೆ. ಬೋಲ್ಟು ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ ತರಿಸಿ. ಎ.ಸಿ. ಬಿಚ್ಚುವವರು ಮೊದಲು ಗ್ಯಾಸನ್ನು ಹೊರಗಿನ ಘಟಕಕ್ಕೆ ಎಳೆದು ವಾಲ್ವ್ ಮುಚ್ಚಬೇಕು. ಬಂದವರು ಸೀದಾ ಪೈಪು ಕತ್ತರಿಸಲು ಹೊರಟರೆ ಅಲ್ಲೇ ತಡೆಯಿರಿ. ಕಬ್ಬಿಣದ ಕೂಲರಿನ ನೀರು ಹಿಂದಿನ ರಾತ್ರಿಯೇ ಖಾಲಿಯಾಗಲಿ, ಹುಲ್ಲು ತೆಗೆದಿಡಿ. ನಮ್ಮ ಉಪ್ಪುನೀರಿಗೆ ತಳ ತುಕ್ಕು ತಿಂದಿರುತ್ತದೆ, ನೀರಿದ್ದಂತೆ ಎತ್ತಿದರೆ ತಳವೇ ಕಳಚುತ್ತದೆ.

ಇನ್ವರ್ಟರಿನ ದೊಡ್ಡ ಟ್ಯೂಬುಲರ್ ಬ್ಯಾಟರಿ 150 ಎ.ಎಚ್.ನದಾದರೆ ಆಸಿಡ್ ಸೇರಿ 50 ಕೆ.ಜಿ.ಗೂ ಮೇಲೆ ತೂಗುತ್ತದೆ. ಸಾಗಣೆಯ ಮುನ್ನ ಡಿಸ್ಟಿಲ್ಡ್ ನೀರು ಹಾಕಬೇಡಿ, ತುಂಬಿ ತುಳುಕುತ್ತದೆ. ಹೊಸ ಮನೆಯಲ್ಲಿ ಕೂಡಿಸಿದ ಮೇಲೆ ಮಟ್ಟ ನೋಡಿ ಹಾಕಿ. ತಂತಿ ಬಿಚ್ಚಿ, ಎರಡೂ ಟರ್ಮಿನಲ್‌ಗೆ ರಬ್ಬರ್ ಇಲ್ಲವೇ ದಪ್ಪ ಟೇಪು ಸುತ್ತಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ಇಡಬೇಕು. ಗಾದಿಯ ಹತ್ತಿರ ಬೇಡ, ಸಿಲಿಂಡರಿನ ಹತ್ತಿರವಂತೂ ಬೇಡವೇ ಬೇಡ.

ಸಿಲಿಂಡರಿನ ವಿಚಾರದಲ್ಲಿ ಬಹಳ ಜನ ವ್ಯರ್ಥ ಭಾರ ಹೊರಿಸುತ್ತಾರೆ. ಬೇರೆ ಊರಿಗೆ ಹೋಗುವವರು ಸಿಲಿಂಡರು, ರೆಗ್ಯುಲೇಟರ್ ಎರಡನ್ನೂ ಹಳೇ ಏಜೆನ್ಸಿಗೆ ಒಪ್ಪಿಸಿ, ಡಿಪಾಜಿಟ್ ಮತ್ತು ವರ್ಗಾವಣೆಯ ಕಾಗದ ಪಡೆದು, ಹೊಸ ಊರಲ್ಲಿ ಅದನ್ನು ತೋರಿಸಿ ಹೊಸದು ತೆಗೆದುಕೊಳ್ಳಬೇಕು. ಅಂದರೆ ಅದು ಗಾಡಿ ಹತ್ತುವ ಪ್ರಶ್ನೆಯೇ ಇಲ್ಲ. ಊರೊಳಗೆ ಬದಲಿಸುವವರು ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನಿಲ್ಲಿಸಿ, ಎಲ್ಲಕ್ಕೂ ಕೊನೆಗೆ ಹಿಂಬದಿಯಲ್ಲಿ ಹೇರಿ ಮೊದಲು ಇಳಿಸಬೇಕು. ನಾಲ್ಕೂ ಕಡೆ ಮುಚ್ಚಿದ ಕಂಟೇನರ್ ಗಾಡಿಯಲ್ಲಿ ಬಿಸಿಲಿಗೆ ಒಯ್ಯಬಾರದು. ಅದೇ ಕಂಟೇನರಿನೊಳಗೆ ಲೈಟರ್, ಸೆಂಟಿನ ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್ ಕೂಡ ಬೇಡ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ತಣ್ಣನೆಯ ಫ್ಲಾಸ್ಕಿನಲ್ಲಿ, ಐಸಿಗೆ ನೇರವಾಗಿ ತಾಗದಂತೆ, ಕೈಯಲ್ಲೇ ಬರಲಿ. ಗ್ಯಾಸ್ ಸಿಗುವವರೆಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಎರಡು ಹೊತ್ತು ನಡೆಯುತ್ತದೆ. ಬೇಸಿಗೆಗೆ ಕೆಡದ ಬುತ್ತಿ ನಮ್ಮಲ್ಲಿ ಇರುವಾಗ ಹೋಟೆಲ್ ಅನ್ನ ಯಾಕೆ?

ಹೇರುವ ಕ್ರಮ ಹಮಾಲರಿಗೆ ಗೊತ್ತಿರುತ್ತದೆ, ಮನೆಯವರು ನಡುವೆ ಬಾಯಿ ಹಾಕದಿದ್ದರೆ ಸಾಕು ಎಂಬುದು ನಮ್ಮ ವಿನಂತಿ. ಆದರೆ ಸಿದ್ಧತೆ ಮನೆಯವರದು. ಪುಸ್ತಕಗಳನ್ನು ಜೋಳದ ಚೀಲಕ್ಕೆ ತುಂಬಬೇಡಿ. 15 ಕೆ.ಜಿ. ಮೀರದ ಸಣ್ಣ ಡಬ್ಬಿಗಳೇ ಬೇಕು. ತಿಜೋರಿಯಲ್ಲಿ ಸೀರೆ ಇರುವಂತೆಯೇ ಎತ್ತಿಸಿದರೆ ಕಾಲು ಸೊಟ್ಟಗಾಗಿ ಆಮೇಲೆ ಬಾಗಿಲು ಹತ್ತುವುದಿಲ್ಲ. ಕನ್ನಡಿ ಬಿಚ್ಚಿದರೆ ಒಳ್ಳೆಯದು. ಟಿ.ವಿ.ಯನ್ನು ನಿಲ್ಲಿಸಿಯೇ, ಎರಡು ಗಾದಿಗಳ ನಡುವೆ ಇಡಬೇಕು. ಸುತ್ತಲು ಗುಳ್ಳೆ ಪ್ಲಾಸ್ಟಿಕ್ಕಿಗಿಂತ ಅಜ್ಜಿ ಹೊಲಿದ ಕೌದಿ ಮೇಲು. ದಪ್ಪ, ಜಾರುವುದಿಲ್ಲ, ಹೇಗೂ ಒಯ್ಯಲೇಬೇಕಾದ ಸಾಮಾನು. ಸ್ಪ್ರಿಂಗಿನ ಗಾದಿಯನ್ನು ಮಡಚಿದರೆ ಮತ್ತೆ ನೆಟ್ಟಗಾಗದು. ಆರು ಅಡಿ ಅಗಲದ್ದು ಸಣ್ಣ ಗಾಡಿಯಲ್ಲಿ ಮಲಗುವುದಿಲ್ಲ, ಬದಿಗೆ ನಿಲ್ಲಿಸಬೇಕು. ಪಲ್ಲಂಗದ ಬೋಲ್ಟು, ಫ್ಯಾನಿನ ಸ್ಕ್ರೂಗಳನ್ನು ಅರಿವೆಯ ಚೀಲದಲ್ಲಿ ಹಾಕಿ ಅದೇ ಸಾಮಾನಿಗೇ ಕಟ್ಟಿ. ಎಲ್ಲ ಸ್ಕ್ರೂ ಒಂದೇ ಡಬ್ಬಿಗೆ ಹಾಕುವ ಜಾಣತನದಿಂದ ರಾತ್ರಿ ಪಲ್ಲಂಗ ಜೋಡಿಸಲಾಗದೆ ನೆಲಕ್ಕೆ ಮಲಗಿದ ಮನೆಗಳು ಬೇಕಾದಷ್ಟು. ಫ್ಯಾನುಗಳಲ್ಲಿ ಒಂದನ್ನು ಹಿಂದಿನ ದಿನವೇ ಹೊಸ ಮನೆಯಲ್ಲಿ ತೂಗಹಾಕಿಸಿ.

ತಾಡಪತ್ರಿ ಮೋಡ ಇರಲಿ, ಇರದಿರಲಿ ಬೇಕು. ಹಗ್ಗ ಬಿಗಿದು ಹೊರಟ ಗಾಡಿಯನ್ನು ಹತ್ತು–ಹದಿನೈದು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುತ್ತದೆ, ಸಾಮಾನೂ ಕುಲುಕಿ ಕೆಳಗೆ ಕೂಡುತ್ತದೆ. ವಿಜಯಪುರದಿಂದ ಬಾಗಲಕೋಟೆ ಕಡೆಗೆ ಹೋಗುವವರು ಕೊಲ್ಹಾರದ ಸೇತುವೆ ಏರುವ ಮುಂಚೆ ಇನ್ನೊಮ್ಮೆ ನೋಡಿ. ಕೃಷ್ಣೆಯ ಮೇಲಿನ ಆ ಉದ್ದನೆಯ ಸೇತುವೆಯಲ್ಲಿ ಬೀಸುವ ಗಾಳಿಗೆ ಸಡಿಲ ತಾಡಪತ್ರಿ ಹಾರಿ ಹಿಂದಿನ ವಾಹನದ ಮೇಲೆ ಬಿದ್ದರೆ ಅನಾಹುತ. ಸಾಮಾನಿನ ಮೇಲೆ ಜನ ಕೂಡುವುದು ಕಾನೂನಿಗೆ ವಿರುದ್ಧ, ‘ಗಾದಿ ಹಿಡ್ಕೊಳ್ಳಾಕ ಒಬ್ಬಾಂವ ಇರಲಿ’ ಎಂದು ಹುಡುಗರನ್ನು ಹತ್ತಿಸಬೇಡಿ.

ಮಾತುಕತೆ ಬಾಯಲ್ಲಿ ಬೇಡ. ಯಾವ ಮಹಡಿಯಿಂದ ಯಾವ ಮಹಡಿಗೆ, ಎಷ್ಟು ಹಮಾಲರು, ಪಲ್ಲಂಗ ಬಿಚ್ಚಿ ಜೋಡಿಸುವುದು ಯಾರು, ಟೋಲ್ ಯಾರದು, ಕಾಯಿಸಿದರೆ ತಾಸಿಗೆ ಎಷ್ಟು, ಒಡೆದರೆ ಹೇಗೆ, ಇಷ್ಟನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಎರಡೂ ಕಡೆ ಹೂಂ ಅನ್ನಿಸಿಕೊಳ್ಳಿ. ಸಾಮಾನಿನ ವಿಡಿಯೋ ಕಳಿಸಿದರೆ ಗಾಡಿಯ ಅಳತೆಯೂ ಸರಿಹೋಗುತ್ತದೆ. ವಿಡಿಯೋದಲ್ಲಿ ಮಾಳಿಗೆ, ಅಟ್ಟ, ಸ್ಟೋರ್ ರೂಮು ಬಿಡಬೇಡಿ. ಬೇರೆ ಊರಿಗೆ ಹೋಗುವ ಗಾಡಿಯ ಬಾಡಿಗೆಯಲ್ಲಿ ಖಾಲಿ ಮರಳುವ ಖರ್ಚೂ ಸೇರಿರುತ್ತದೆ. ರಿಟರ್ನ್ ಗಾಡಿ ಸಿಕ್ಕರೆ ಅಗ್ಗವೇ, ಆದರೆ ಅದು ಬರುವ ಹೊತ್ತಿಗೆ ಗ್ಯಾರಂಟಿ ಇಲ್ಲ. ಅದೇ ದಿನ ಮನೆ ಖಾಲಿ ಮಾಡಲೇಬೇಕಾದವರು ಅದನ್ನು ನಂಬಬಾರದು.

ಫೋನಿನಲ್ಲೇ ಅಗ್ಗದ ದರ ಹೇಳಿ, ಸಾಮಾನು ಹೇರಿದ ಮೇಲೆ ದಾರಿಯಲ್ಲಿ ಹೆಚ್ಚು ಕೇಳುವ ಕಂಪನಿಗಳಿವೆ. ಕಚೇರಿ ಎಲ್ಲಿದೆ ನೋಡಿ, ಸರಕು ರಸೀದಿ ಕೊಡುತ್ತಾರೋ ಕೇಳಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ನಷ್ಟದ ದಾವೆ ಹೂಡುವ ಮುಂಚೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ರಸೀದಿ ಇಲ್ಲದಿದ್ದರೆ ಯಾರಿಗೆ ಕೊಡುವುದು? ಬೆಳಗಾವಿಯಿಂದ ಕೊಲ್ಹಾಪುರ, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಬಳಸಿದ ಮನೆ ಸಾಮಾನಿಗೆ ಇ–ವೇ ಬಿಲ್ ಬೇಕಿಲ್ಲ. ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಸಾಮಾನಿನ ಪಟ್ಟಿ ಮತ್ತು ವರ್ಗಾವಣೆ ಆದೇಶದ ಪ್ರತಿ ಚಾಲಕರ ಹತ್ತಿರ ಇದ್ದರೆ ತಪಾಸಣೆಯಲ್ಲಿ ತಡವಾಗುವುದಿಲ್ಲ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಹೊರಡುವ ಮುಂಜಾನೆ ಎರಡೂ ಮನೆಗಳ ಹೆಸ್ಕಾಂ ಮೀಟರಿನ ಫೋಟೋ ತೆಗೆದಿಟ್ಟರೆ ಮಾಲಕರ ಜೊತೆ ಬಿಲ್ಲಿನ ತಕರಾರಿಲ್ಲ. ಗೃಹಜ್ಯೋತಿಯವರು ಹಳೇ ಆರ್.ಆರ್. ಸಂಖ್ಯೆಯಿಂದ ಆಧಾರ್ ಜೋಡಣೆ ಸೇವಾ ಸಿಂಧುವಿನಲ್ಲಿ ತೆಗೆಸಿದ ಮೇಲೆಯೇ ಹೊಸದಕ್ಕೆ ಸೇರಿಸಬಹುದು. ಶಾಲೆಯ ಟಿ.ಸಿ. ಸೂಟಿಗೆ ಮುಂಚೆಯೇ ಕೇಳಿ.

ಕೊನೆಗೆ ಮನೆ ಮಾಲಕರಲ್ಲಿ ಒಂದು ವಿನಂತಿ. ಹಳೇ ಬಾಡಿಗೆದಾರರ ಡಿಪಾಜಿಟ್ಟನ್ನು ಸಾಮಾನು ಹೇರುವ ಹಿಂದಿನ ಸಂಜೆಯೇ ಮನೆ ನೋಡಿ ಬಗೆಹರಿಸಿಕೊಳ್ಳಿ, ಹೊಸಬರಿಗೆ ಕೀಲಿಯನ್ನೂ ಹಿಂದಿನ ಸಂಜೆಯೇ ಕೊಡಿ. ‘ಪೂಜೆ ಮುಗಿಸಿ ಹತ್ತಕ್ಕೆ ಬರ್ತೇನಿ’ ಎಂದು ನೀವು ಹೇಳಿದ ದಿನ, ಎಂಟಕ್ಕೆ ಹೇರಿ ಮುಗಿದ ಗಾಡಿ ನಿಮ್ಮ ಗೇಟಿನ ಮುಂದೆ ಹತ್ತರವರೆಗೆ ನಿಲ್ಲುತ್ತದೆ. ಕಾದದ್ದರ ಹಣ ಬಾಡಿಗೆದಾರರ ಮೇಲೆ ಬೀಳುತ್ತದೆ, ನಾಲ್ವರು ಹಮಾಲರು ಮಧ್ಯಾಹ್ನದ ಬಿಸಿಲಿಗೆ ಎರಡನೇ ಮಹಡಿಗೆ ತಿಜೋರಿ ಹೊರಬೇಕಾಗುತ್ತದೆ.

ಸರಕು ವಾಹನ ಚಾಲಕರು ಮತ್ತು ಹಮಾಲರು
ವಿಜಯಪುರ